ಕರಣೆ ಹಿಡಿದ ಕೈಗಳ ಸೇವೆ: ಕಿಲ್ಲಾರಿಯಿಂದ ಕುಟ್ಟನಾಡಿನವರೆಗೆ

ಮುಂಬಯಿ: ಭೂಕಂಪವಿರಲಿ, ನೆರೆಯಿರಲಿ, ಸುದ್ದಿ ಬಂದ ಎರಡು ಮೂರು ದಿನಗಳೊಳಗೆ ನಗರದ ಕನ್ನಡ ಸಂಘ-ಸಂಸ್ಥೆಗಳಲ್ಲಿ ತುರ್ತು ಸಭೆ ಸೇರುವುದು ವಾಡಿಕೆ. ಪರಿಹಾರ ನಿಧಿಗೆ ದೇಣಿಗೆ ಘೋಷಣೆಯಾಗುತ್ತದೆ. ಸಭಾಗೃಹದ ಮೂಲೆಯಲ್ಲಿ ಅಕ್ಕಿ ಮೂಟೆ, ಕಂಬಳಿ, ಹಳೆ ಬಟ್ಟೆಯ ಗಂಟುಗಳು ಬಂದು ಬೀಳುತ್ತವೆ. ಲಾರಿಗೆ ಬ್ಯಾನರ್ ಕಟ್ಟಿ ಪದಾಧಿಕಾರಿಗಳು ಫೋಟೊಕ್ಕೆ ನಿಲ್ಲುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಹಸಿದವರಿಗೆ ಆ ಹೊತ್ತಿಗೆ ಅನ್ನವೇ ಬೇಕು. ಆದರೆ ಲಾರಿಗಳು ವಾಪಸಾಗಿ, ಟೀವಿಯವರು ಬೇರೆ ಸುದ್ದಿಯ ಬೆನ್ನು ಹತ್ತಿದ ಮೇಲೆ, ಬಿದ್ದ ಮನೆಯ ಮುಂದೆ ನಿಂತ ಕುಟುಂಬಕ್ಕೆ ಬೇಕಾಗುವ ಜನರೇ ಬೇರೆ. ಗೋಡೆ ಎಬ್ಬಿಸುವ ಮೇಸ್ತ್ರಿ, ಬಾಗಿಲು ಕೂರಿಸುವ ಬಡಗಿ, ನೆನೆದ ವೈರಿಂಗ್ ಬಿಚ್ಚಿ ನೋಡುವ ಎಲೆಕ್ಟ್ರಿಶಿಯನ್, ನಲ್ಲಿಯಲ್ಲಿ ನೀರು ಬರಿಸುವ ಪ್ಲಂಬರ್.

ಈ ಜನ ಕೂಡ ಹೋಗುತ್ತಾರೆ, ಕೆಲಸ ಮಾಡುತ್ತಾರೆ, ತಿಂಗಳುಗಟ್ಟಲೆ ಉಳಿಯುತ್ತಾರೆ. ದೇಣಿಗೆ ಕೊಟ್ಟವರ ಪಟ್ಟಿ ಪತ್ರಿಕೆಯಲ್ಲಿ ಬರುತ್ತದೆ, ಇವರ ಹೆಸರು ಬರುವುದಿಲ್ಲ. ಸಂಬಳದ ನೌಕರನಿಗೆ ರಜೆಯ ಸೌಲಭ್ಯವಿದೆ. ದಿನಗೂಲಿಯ ಮೇಸ್ತ್ರಿಗೆ ಒಂದು ದಿನದ ಸೇವೆ ಎಂದರೆ ಒಂದು ದಿನದ ಗಳಿಕೆ ಹೋಯಿತೆಂದೇ ಅರ್ಥ. ಆ ಲೆಕ್ಕದಲ್ಲಿ ಹದಿನೈದು ದಿನ ಕರಣೆ ಹಿಡಿದವನ ದೇಣಿಗೆ ಎಷ್ಟಾಯಿತೆಂದು ಸಂಘದ ಖಜಾಂಚಿಗಳು ಒಮ್ಮೆ ಕೂಡಿಸಿ ನೋಡಬಹುದು.

ಕಿಲ್ಲಾರಿಯ ಗೋಡೆ ಕಲಿಸಿದ್ದು

ಮಹಾರಾಷ್ಟ್ರದ ಕನ್ನಡಿಗರು ಮರೆಯಲಾಗದ ದಿನ 1993ರ ಸೆಪ್ಟೆಂಬರ್ 30. ಅನಂತ ಚತುರ್ದಶಿಯ ಗಣಪತಿ ವಿಸರ್ಜನೆ ಮುಗಿಸಿ ಜನ ತಡವಾಗಿ ಮಲಗಿದ್ದರು. ನಸುಕಿನ 3.56ಕ್ಕೆ ಲಾತೂರ್ ಜಿಲ್ಲೆಯ ಕಿಲ್ಲಾರಿ ಸುತ್ತಮುತ್ತ ಭೂಮಿ ನಡುಗಿತು. ಲಾತೂರ್ ಮತ್ತು ಅಂದಿನ ಉಸ್ಮಾನಾಬಾದ್, ಈಗಿನ ಧಾರಾಶಿವ ಜಿಲ್ಲೆಗಳಲ್ಲಿ ಸುಮಾರು 8 ಸಾವಿರ ಮಂದಿ ಸತ್ತರು. ಕಿಲ್ಲಾರಿಯಿಂದ ಬಸವಕಲ್ಯಾಣ, ಆಳಂದ ಅಷ್ಟೇನೂ ದೂರವಲ್ಲ. ಅಂದಿನ ಗುಲ್ಬರ್ಗಾ, ಬೀದರ್ ಜಿಲ್ಲೆಗಳ ಜನ ಕತ್ತಲಲ್ಲಿ ಬೀದಿಗೆ ಓಡಿ ಬಂದಿದ್ದರು. ಮುಂಬಯಿಯಲ್ಲಿಯೂ ಕಂಪನ ಅನುಭವಕ್ಕೆ ಬಂದಿತ್ತು.

ಭೂಕಂಪದ ಶಕ್ತಿಗೆ ಹೋಲಿಸಿದರೆ ಸಾವಿನ ಸಂಖ್ಯೆ ಬಹಳ ಹೆಚ್ಚಿತ್ತು. ರಿಕ್ಟರ್ ಮಾಪಕದಲ್ಲಿ ಅದು 6.2ರಿಂದ 6.4ರಷ್ಟಿತ್ತು. ಇಷ್ಟು ಜನ ಸಾಯಲು ಕಾರಣ ಅವರ ತಲೆಯ ಮೇಲಿದ್ದ ಮನೆ. ಆ ಭಾಗದ ಮನೆಗಳನ್ನು ಉತ್ತರ ಕರ್ನಾಟಕದವರಿಗೆ ವಿವರಿಸಬೇಕಾಗಿಲ್ಲ. ಕಾಡುಗಲ್ಲು ಮತ್ತು ಮಣ್ಣಿನಲ್ಲಿ ಕಟ್ಟಿದ ಎರಡು ಮೂರು ಅಡಿ ದಪ್ಪದ ಗೋಡೆ, ಮೇಲೆ ತೊಲೆ ಜಂತಿ ಹಾಕಿ ಅಡಿಗಟ್ಟಲೆ ಮಣ್ಣು ಹೇರಿದ ಮಾಳಿಗೆ. ಬೇಸಗೆಯಲ್ಲಿ ಒಳಗೆ ತಂಪು, ಮಾಳಿಗೆಯ ಮೇಲೆ ಕಾಳು ಹರಡಲು ಜಾಗ. ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಸೋರದಿರಲೆಂದು ಇನ್ನಷ್ಟು ಮಣ್ಣು ಹಾಕುತ್ತಿದ್ದರು. ಅಜ್ಜನ ಕಾಲದಿಂದ ಬಿದ್ದ ಆ ಭಾರವೆಲ್ಲ ಗೋಡೆಯ ಮೇಲಿತ್ತು.

ಗೋಡೆ ದಪ್ಪವಿದ್ದರೆ ಗಟ್ಟಿ ಎಂದು ಎಲ್ಲರೂ ನಂಬಿದ್ದರು. ಒಳಗೆ ಅದು ಒಂದು ಗೋಡೆಯಾಗಿರಲಿಲ್ಲ. ಹೊರಮುಖಕ್ಕೆ ಒಂದು ಸಾಲು ಕಲ್ಲು, ಒಳಮುಖಕ್ಕೆ ಒಂದು ಸಾಲು, ನಡುವೆ ಚೂರುಗಲ್ಲು ಮತ್ತು ಮಣ್ಣಿನ ತುಂಬುವಿಕೆ. ಎರಡೂ ಮುಖಗಳನ್ನು ಹಿಡಿದು ಕಟ್ಟುವ ಉದ್ದನೆಯ ಅಡ್ಡಗಲ್ಲು ಇರಲಿಲ್ಲ. ನೆಲ ಅಲುಗಿದಾಗ ಎರಡು ಸಾಲುಗಳು ಉಬ್ಬಿ ಬೇರೆಯಾದವು, ಮಣ್ಣಿನ ಮಾಳಿಗೆ ಮಲಗಿದ್ದವರ ಮೇಲೆ ಕುಳಿತಿತು. ಅದೇ ಊರುಗಳಲ್ಲಿ ಬಡವರ ಹಗುರವಾದ ಗುಡಿಸಲುಗಳು ಉಳಿದವು. ಮರದ ಕಂಬ-ತೊಲೆಗಳನ್ನು ಚೆನ್ನಾಗಿ ಬಿಗಿದಿದ್ದ ಹಳೆ ಮನೆಗಳಲ್ಲಿ ಗೋಡೆ ಉದುರಿದರೂ ಮಾಳಿಗೆ ಕಂಬಗಳ ಮೇಲೆ ನಿಂತದ್ದೂ ಇದೆ.

ಗಾರೆಯವರಿಗೆ ಇದು ಕಹಿಯಾದ ಪಾಠ. ಆ ಗೋಡೆಗಳನ್ನು ಕಟ್ಟಿದ್ದು ಅವರೇ, ಇಲ್ಲವೇ ಅವರ ತಂದೆ, ಅಜ್ಜಂದಿರು. ಮೋಸದಿಂದ ಕಟ್ಟಿದ್ದಲ್ಲ, ಕಲಿತಂತೆ ಕಟ್ಟಿದ್ದರು. ಅದೇ ಕೈಗಳು ಅದೇ ರೀತಿ ಮತ್ತೆ ಕಟ್ಟಿದರೆ ಮುಂದಿನ ಬಾರಿಗೂ ಅದೇ ಗತಿ. ಆದ್ದರಿಂದ ಅಲ್ಲಿಗೆ ಹೋದ ಎಂಜಿನಿಯರುಗಳು ಮತ್ತು ಅನುಭವೀ ಮೇಸ್ತ್ರಿಗಳು ಕಟ್ಟಿಕೊಡುವುದರ ಜೊತೆಗೆ ಕಟ್ಟುವುದನ್ನು ಕಲಿಸಬೇಕಾಯಿತು.

ಕಲಿಸಿದ್ದು ದೊಡ್ಡ ವಿದ್ಯೆಯೇನಲ್ಲ. ಭಾರತೀಯ ಮಾನಕ ಬ್ಯೂರೋ ಅದೇ 1993ರಲ್ಲಿ ಕಲ್ಲು-ಇಟ್ಟಿಗೆಯ ಸಾದಾ ಮನೆಗಳಿಗಾಗಿ ಐಎಸ್ 13828 ಎಂಬ ಮಾರ್ಗಸೂಚಿ ಹೊರತಂದಿತ್ತು. ಕಲ್ಲಿನ ಗೋಡೆ ಒಂದೂವರೆ ಅಡಿಗಿಂತ ದಪ್ಪ ಬೇಡ. ಎರಡೆರಡು ಅಡಿ ಎತ್ತರಕ್ಕೊಮ್ಮೆ, ನಾಲ್ಕು ನಾಲ್ಕು ಅಡಿ ಅಂತರದಲ್ಲಿ ಈ ಮುಖದಿಂದ ಆ ಮುಖದವರೆಗೆ ಹಾಯುವ ಅಡ್ಡಗಲ್ಲು ಇಡಬೇಕು. ಬಾಗಿಲು-ಕಿಟಕಿಗಳ ಮೇಲೆ ಇಡೀ ಮನೆಯನ್ನು ಸುತ್ತುವಂತೆ ಒಂದು ಪಟ್ಟಿ ಹಾಕಬೇಕು. ಸೊಂಟಕ್ಕೆ ಉಡಿದಾರ ಕಟ್ಟಿದ ಹಾಗೆ ಎಂದರೆ ಹಳ್ಳಿಯವರಿಗೆ ತಕ್ಷಣ ತಿಳಿಯುತ್ತದೆ. ಮೂಲೆಗಳನ್ನು ಹಲ್ಲಿಗೆ ಹಲ್ಲು ಕೂಡಿಸಿ ಕಟ್ಟಬೇಕು. ಎಲ್ಲವೂ ಒಂದು ಪುಟದಲ್ಲಿ ಬರೆದಿಡಬಹುದಾದ ಮಾತುಗಳೇ. ಆದರೆ ಪುಟ ಓದಿ ಯಾವ ಮೇಸ್ತ್ರಿಯೂ ಕಲಿತದ್ದಿಲ್ಲ. ಪಕ್ಕದಲ್ಲಿ ಇನ್ನೊಬ್ಬ ಮೇಸ್ತ್ರಿ ನಿಂತು ಕಲ್ಲು ಇಟ್ಟು ತೋರಿಸಬೇಕು.

ಕುಸಿಯದೆ ಉಳಿದ ಹಳೆ ಮನೆಗಳಿಗೂ ಉಪಾಯವಿತ್ತು. ಗೋಡೆಯ ಕಲ್ಲುಗಳನ್ನು ಜೋಪಾನವಾಗಿ ಬಿಡಿಸಿ ಆರುಪಾರು ತೂತು ಮಾಡಿ, ಕೊಕ್ಕೆ ಬಗ್ಗಿಸಿದ ಸರಳು ಇಟ್ಟು ಕಾಂಕ್ರೀಟು ತುಂಬಿದರೆ ಅದೇ ಅಡ್ಡಗಲ್ಲಿನ ಕೆಲಸ ಮಾಡುತ್ತದೆ. ಮಾಳಿಗೆಯ ಹೆಚ್ಚುವರಿ ಮಣ್ಣು ಇಳಿಸುವುದು ಇನ್ನೊಂದು. ಇದಕ್ಕೆ ಬೇಕಾದದ್ದು ಗುದ್ದಲಿ ಮತ್ತು ಬುಟ್ಟಿ ಅಷ್ಟೇ. ಹಾಗಿದ್ದರೂ ಅಜ್ಜ ಹಾಕಿದ ಮಣ್ಣನ್ನು ಇಳಿಸಲು ಜನರನ್ನು ಒಪ್ಪಿಸುವುದು ಸುಲಭವಾಗಿರಲಿಲ್ಲ.

ಆ ಒಪ್ಪಿಸುವ ಕೆಲಸಕ್ಕೆ ಮುಂದೆ ಬಂದವರು ಹಳ್ಳಿಯ ಹೆಂಗಸರು. ರಾಜ್ಯ ಸರಕಾರದ ಪುನರ್ವಸತಿ ಕಾರ್ಯಕ್ರಮದಲ್ಲಿ 'ಸಂವಾದ ಸಹಾಯಕ'ರೆಂದು ಊರೂರಿನ ಮಹಿಳೆಯರನ್ನು ಆರಿಸಲಾಯಿತು. ಮುಂಬಯಿಯಲ್ಲಿ ಪ್ರೇಮಾ ಗೋಪಾಲನ್ ಅವರು ಕಟ್ಟಿದ 'ಸ್ವಯಂ ಶಿಕ್ಷಣ ಪ್ರಯೋಗ' ಸಂಸ್ಥೆ ಅವರನ್ನು ಸಂಘಟಿಸಿತು. ಸಾವಿರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಮನೆ ದುರಸ್ತಿಯ ಮೇಲೆ ಕಣ್ಣಿಟ್ಟವರು ಈ ಮಹಿಳೆಯರು. ಸಿಮೆಂಟ್ ಎಷ್ಟು ಬಂತು, ಸರಳು ಎಷ್ಟು ಹಾಕಿದ, ಪಟ್ಟಿಗೆ ನೀರು ಹಾಕಿ ನೆನೆಸಿದ್ದಾನೆಯೇ ಎಂದು ಮೇಸ್ತ್ರಿಯನ್ನು ಕೇಳುವ ಧೈರ್ಯ ಅವರಿಗೆ ಬಂತು.

ಇದಕ್ಕೆ ವ್ಯತಿರಿಕ್ತವಾದದ್ದು ಪೂರ್ತಿ ನೆಲಸಮವಾದ 52 ಹಳ್ಳಿಗಳ ಕಥೆ. ಅವುಗಳನ್ನು ಹೊಸ ಜಾಗಕ್ಕೆ ಸ್ಥಳಾಂತರಿಸಲಾಯಿತು. ಕಟ್ಟಿದವರು ಬಹುಮಟ್ಟಿಗೆ ಗುತ್ತಿಗೆದಾರರು ಮತ್ತು ದಾನಿ ಸಂಸ್ಥೆಗಳು. ನಗರದ ಲೇಔಟಿನಂತೆ ನೇರ ರಸ್ತೆ, ಒಂದೇ ಅಚ್ಚಿನ ಮನೆ. ದನ ಕಟ್ಟಲು ಜಾಗವೆಲ್ಲಿ, ಕಾಳು ಎಲ್ಲಿಡಬೇಕು ಎಂದು ಕೇಳಿದವರು ಕಡಿಮೆ. ಊರಿನ ಮೇಸ್ತ್ರಿಗಳಿಗೆ ಅಲ್ಲಿ ಹೆಚ್ಚಿನ ಪಾತ್ರವಿರಲಿಲ್ಲ. ಹೀಗಾಗಿ ಮನೆಗಳು ಬಂದವು, ವಿದ್ಯೆ ಊರಿನಲ್ಲಿ ಉಳಿಯಲಿಲ್ಲ ಎಂಬ ಟೀಕೆಯನ್ನು ಅಧ್ಯಯನ ಮಾಡಿದವರು ಹಲವರು ಮಾಡಿದ್ದಾರೆ.

ಲಾತೂರಿನವರು ಕಛ್‌ಗೆ ಹೋದರು

2001ರ ಜನವರಿ 26ರಂದು ಬೆಳಿಗ್ಗೆ 8.46ಕ್ಕೆ ಗುಜರಾತಿನ ಕಛ್ ನಡುಗಿತು. ಗಣರಾಜ್ಯ ದಿನ, ಅಂಜಾರ್‌ನ ಇಕ್ಕಟ್ಟು ಬೀದಿಯಲ್ಲಿ ಧ್ವಜ ಹಿಡಿದು ಮೆರವಣಿಗೆಯಲ್ಲಿದ್ದ ಶಾಲಾ ಮಕ್ಕಳ ಮೇಲೆ ಎರಡೂ ಬದಿಯ ಕಟ್ಟಡಗಳು ಬಿದ್ದವು. ಸರಕಾರಿ ಲೆಕ್ಕದಲ್ಲಿ ಗುಜರಾತಿನಲ್ಲಿ 13,805 ಮಂದಿ ಸತ್ತರು. ಮುಲುಂಡ್, ಘಾಟ್ಕೋಪರ್, ಮಸೀದಿ ಬಂದರಿನಲ್ಲಿ ಕಛ್ಛಿ ಬಾಂಧವರೊಡನೆ ವ್ಯವಹಾರ, ನೆರೆಹೊರೆ ಇರುವ ಮುಂಬಯಿ ಕನ್ನಡಿಗರಿಗೆ ಅದು ದೂರದ ದುಃಖವಾಗಿರಲಿಲ್ಲ.

ಮುಂಬಯಿ, ಅಹಮದಾಬಾದಿನಿಂದ ಲಾರಿಗಟ್ಟಲೆ ಬಟ್ಟೆ ಹೋಯಿತು, ಎಷ್ಟೋ ಗಂಟುಗಳು ರಸ್ತೆ ಬದಿಯಲ್ಲೇ ಉಳಿದವು. ಅದೇ ಸಮಯದಲ್ಲಿ ಲಾತೂರಿನ ಕಡೆಯಿಂದ ಬೇರೆ ರೀತಿಯ ನೆರವು ಹೊರಟಿತು. ಎಂಟು ವರ್ಷಗಳ ಹಿಂದೆ ತಾವೇ ಮನೆ ಕಳೆದುಕೊಂಡು, ಮತ್ತೆ ಕಟ್ಟಿಸಿಕೊಂಡಿದ್ದ ಹಳ್ಳಿಯ ಮಹಿಳೆಯರು ಸ್ವಯಂ ಶಿಕ್ಷಣ ಪ್ರಯೋಗದ ಮೂಲಕ ಗುಜರಾತಿನ ಹಳ್ಳಿಗಳಿಗೆ ಹೋಗಿ ಅಲ್ಲಿಯ ಮಹಿಳೆಯರೊಡನೆ ಕುಳಿತರು. ಮರಾಠಿ, ಗುಜರಾತಿ, ಕಛ್ಛಿ ಎಂದು ಭಾಷೆ ಬೇರೆಯಾದರೂ ಬಿದ್ದ ಗೋಡೆಯ ಮುಂದೆ ಬೆರಳು ತೋರಿಸಿ ಹೇಳುವುದಕ್ಕೆ ಅದು ಅಡ್ಡಿಯಾಗಲಿಲ್ಲ. ಗುಜರಾತಿನ ಮಹಿಳೆಯರಲ್ಲಿ ಕೆಲವರು ಗಾರೆ ಕೆಲಸವನ್ನೇ ಕಲಿತರು. 2004ರ ಡಿಸೆಂಬರ್ 26ರ ಸುನಾಮಿಯ ಬಳಿಕ ಲಾತೂರ್ ಮತ್ತು ಗುಜರಾತ್ ಎರಡೂ ಕಡೆಯ ಮಹಿಳೆಯರು ತಮಿಳುನಾಡಿನ ಕರಾವಳಿಗೆ ಹೋದದ್ದು ಇದರ ಮುಂದುವರಿಕೆ. ಪಡೆದ ಸಹಾಯವನ್ನು ಕೊಟ್ಟವರಿಗೆ ಹಿಂದಿರುಗಿಸಲಾಗದು, ಮುಂದಿನವರಿಗೆ ದಾಟಿಸಬಹುದು.

ಗುಜರಾತ್ ಸರಕಾರ ಈ ಬಾರಿ ಲಾತೂರಿಗಿಂತ ಭಿನ್ನವಾದ ದಾರಿ ಹಿಡಿಯಿತು. ಗುತ್ತಿಗೆದಾರನ ಕೈಗೆ ಊರು ಕೊಡುವ ಬದಲು ಹೆಚ್ಚಿನ ಕಡೆ ಮನೆಯವರಿಗೇ ಹಣ ಕೊಟ್ಟಿತು. ಹಣ ಬ್ಯಾಂಕ್ ಖಾತೆಗೆ ಮೂರು ಕಂತುಗಳಲ್ಲಿ ಬರುತ್ತಿತ್ತು. ಒಂದು ಹಂತದ ಕೆಲಸವನ್ನು ಎಂಜಿನಿಯರ್ ನೋಡಿ ಸರಿಯಿದೆ ಎಂದ ಮೇಲೆಯೇ ಮುಂದಿನ ಕಂತು. ಸಿಮೆಂಟ್ ರಿಯಾಯಿತಿ ದರದಲ್ಲಿ ಸಿಕ್ಕಿತು. ಸುಮಾರು 2 ಲಕ್ಷ ಮನೆಗಳು ಹೀಗೆ ಎದ್ದವು. ಈ ಪದ್ಧತಿ ಕಾಗದದ ಮೇಲೆ ಎಷ್ಟು ಚೆನ್ನಾಗಿದ್ದರೂ ಅದು ನಿಂತದ್ದು ಒಂದೇ ಆಧಾರದ ಮೇಲೆ: ಪಟ್ಟಿ ಕಟ್ಟಲು, ಸರಳು ಬಗ್ಗಿಸಲು ಗೊತ್ತಿದ್ದ ಮೇಸ್ತ್ರಿ ಪ್ರತಿ ಊರಿನಲ್ಲಿ ಇರಬೇಕು. ಇಲ್ಲವಾದರೆ ಕಂತು ತಡೆಯುತ್ತದೆ, ಮನೆ ಅರ್ಧಕ್ಕೆ ನಿಲ್ಲುತ್ತದೆ. ಸಾವಿರಾರು ಮೇಸ್ತ್ರಿಗಳಿಗೆ ತರಬೇತಿ ಕೊಡಬೇಕಾಯಿತು. ಕಲಿಸುವವರು ಎಲ್ಲಿಂದಲೋ ಬರಬೇಕಲ್ಲ?

ಕೆಲವರು ನೇಪಾಳದಿಂದಲೂ ಬಂದರು. ಪಾಟಣ್ ಜಿಲ್ಲೆಯ ಪಾಟಂಕಾ ಎಂಬ ಹಳ್ಳಿಯನ್ನು ದಿಲ್ಲಿಯ 'ಸೀಡ್ಸ್' ಸಂಸ್ಥೆ ಪುನರ್ನಿರ್ಮಿಸಲು ಹೊರಟಾಗ, ನೇಪಾಳದಲ್ಲಿ ಶಾಲಾ ಕಟ್ಟಡಗಳನ್ನು ಭೂಕಂಪಕ್ಕೆ ತಡೆಯುವಂತೆ ಕಟ್ಟಿ ಪಳಗಿದ್ದ ಗಾರೆಯವರು ಬಂದು ಊರಿನ ಗಾರೆಯವರಿಗೆ ಕಲಿಸಿದರು. ಅಲ್ಲಿ ನಡೆದ ಒಂದು ಪ್ರಯೋಗ ಹೇಳುವಂತಿದೆ. ಎರಡು ಚಿಕ್ಕ ಮನೆಗಳನ್ನು, ಒಂದು ಮಾಮೂಲಿ ರೀತಿಯದು, ಇನ್ನೊಂದು ಪಟ್ಟಿ ಕಟ್ಟಿದ್ದು, ಅಲುಗಾಡುವ ವೇದಿಕೆಯ ಮೇಲೆ ಕಟ್ಟಿ ಊರವರ ಮುಂದೆಯೇ ಕುಲುಕಿದರು. ಮಾಮೂಲಿ ಮನೆ ಉದುರಿತು, ಪಟ್ಟಿಯದು ನಿಂತಿತು. ಹತ್ತು ಭಾಷಣ ಮಾಡದ ಕೆಲಸವನ್ನು ಅದು ಮಾಡಿತು.

ಮುಂಬಯಿಯ ಕಟ್ಟಡ ಕೆಲಸಗಳಲ್ಲಿ ಸರಳು ಕಟ್ಟುವ ಕಲಬುರಗಿ, ಯಾದಗಿರಿ ಕಡೆಯ ಕನ್ನಡಿಗರಿಗೆ ತಿಳಿದಿರಬೇಕಾದ ಒಂದು ಸಣ್ಣ ವಿಷಯ ಇಲ್ಲಿ ಹೇಳಿಬಿಡಬೇಕು. ಕಂಬದ ಉದ್ದ ಸರಳುಗಳ ಸುತ್ತ ರಿಂಗು ಹಾಕುತ್ತಾರೆ. ಆ ರಿಂಗಿನ ತುದಿಯ ಕೊಕ್ಕೆಯನ್ನು ಬರೇ 90 ಡಿಗ್ರಿಗೆ ಬಗ್ಗಿಸಿ ಬಿಡುವುದು ರೂಢಿ, ಬೇಗ ಆಗುತ್ತದೆ. ಕಂಬ ಅಲುಗಿದಾಗ ಅಂತಹ ಕೊಕ್ಕೆ ಬಿಚ್ಚಿಕೊಳ್ಳುತ್ತದೆ, ರಿಂಗು ತೆರೆಯುತ್ತದೆ, ಸರಳು ಉಬ್ಬುತ್ತದೆ. ಕೊಕ್ಕೆಯನ್ನು 135 ಡಿಗ್ರಿಗೆ ಒಳಗೆ ತಿರುಗಿಸಿದರೆ ಹಿಡಿತ ಬಿಡುವುದಿಲ್ಲ. ಹೆಚ್ಚಿನ ಖರ್ಚು ಏನೂ ಇಲ್ಲ, ಕೈಯ ಇನ್ನೊಂದು ತಿರುವು ಅಷ್ಟೇ. ಇದನ್ನು ಅರಿಯದ ಕೆಲಸಗಾರ ಎಷ್ಟೇ ಸದ್ಭಾವನೆಯಿಂದ ಪುಕ್ಕಟೆ ದುಡಿದರೂ ಮನೆಯವರಿಗೆ ಅಪಾಯವನ್ನೇ ಕಟ್ಟಿಕೊಟ್ಟು ಬಂದಂತಾಗುತ್ತದೆ. ಸೇವೆಗೆ ಹೋಗುವ ಮುನ್ನ ಒಂದು ದಿನ ಕಲಿಯಲು ಕೂರಬೇಕೆಂದು ಅನುಭವಸ್ಥರು ಹಟ ಹಿಡಿಯುವುದು ಇದಕ್ಕೇ.

ಕಲಿಯುವುದು ಒಮ್ಮುಖವೂ ಅಲ್ಲ. ಕಛ್‌ನ ಬನ್ನಿ ಪ್ರದೇಶದ ದುಂಡಗಿನ ಮಣ್ಣಿನ ಮನೆ 'ಭೂಂಗಾ' ಹೆಚ್ಚಿನ ಕಡೆ ಅಲುಗದೆ ನಿಂತಿತ್ತು. ಮೂಲೆಯೇ ಇಲ್ಲದ ಗೋಡೆ, ಮೇಲೆ ಹಗುರವಾದ ಹುಲ್ಲಿನ ಮಾಡು. ಹೊರಗಿನಿಂದ ಬಂದವರು ಅದನ್ನು ನೋಡಿ ಕಲಿತರು. ಭೂಕಂಪದ ಬಳಿಕ ಭುಜ್‌ನಲ್ಲಿ ಹುಟ್ಟಿದ 'ಹುನ್ನರ್‌ಶಾಲಾ' ಸಂಸ್ಥೆ ಕಛ್‌ನ ಕುಶಲಕರ್ಮಿಗಳ ಮಣ್ಣಿನ ಕೆಲಸ, ಮರದ ಕೆಲಸಗಳನ್ನೇ ಆಧಾರವಾಗಿಟ್ಟು ಮನೆ ಕಟ್ಟಿತು. 2008ರಲ್ಲಿ ಕೋಸಿ ನದಿ ಒಡ್ಡು ಒಡೆದು ಬಿಹಾರದ ಹಳ್ಳಿಗಳು ಮುಳುಗಿದಾಗ ಅದೇ ಸಂಸ್ಥೆ ಅಲ್ಲಿಗೂ ಹೋಗಿ ಬಿದಿರಿನ ಮನೆಗಳ ಕೆಲಸದಲ್ಲಿ ಕೈಜೋಡಿಸಿತು. 2005ರ ಅಕ್ಟೋಬರ್ 8ರ ಕಾಶ್ಮೀರ ಭೂಕಂಪದ ನಂತರವೂ ಗುಜರಾತಿನ ಅನುಭವ ಪಡೆದ ತಂಡಗಳು ಅಲ್ಲಿಗೆ ಹೋದವು. ಮರದ ಚೌಕಟ್ಟಿನ ನಡುವೆ ಇಟ್ಟಿಗೆ ತುಂಬುವ ಕಾಶ್ಮೀರದ 'ಧಜ್ಜಿ ದೇವಾರಿ' ಗೋಡೆಗಳು ಹೊಸ ಕಟ್ಟಡಗಳಿಗಿಂತ ಚೆನ್ನಾಗಿ ತಡೆದದ್ದನ್ನು ಅವರು ಕಂಡರು.

ಸ್ವಿಸ್ ಎಂಜಿನಿಯರ್ ಬಿಹಾರಕ್ಕೆ ಬಂದ ಕಥೆ

ಹೀಗೆ ಪರವೂರಿನವರ ಮನೆ ಕಟ್ಟಲು ಹಾರೆ ಗುದ್ದಲಿ ಹಿಡಿದು ಬರುವುದು ಹೊಸತಲ್ಲ. 1934ರ ಜನವರಿ 15ರಂದು ಬಿಹಾರದಲ್ಲಿ ಭೀಕರ ಭೂಕಂಪವಾಯಿತು. ಬಾಬು ರಾಜೇಂದ್ರ ಪ್ರಸಾದರು ಪರಿಹಾರ ಸಮಿತಿಯ ನೇತೃತ್ವ ವಹಿಸಿದ್ದರು. ಆ ವರ್ಷವೇ ಸ್ವಿಜರ್‌ಲ್ಯಾಂಡಿನಿಂದ ಪಿಯರ್ ಸೆರೆಸೊಲ್ ಎಂಬ ಎಂಜಿನಿಯರ್ ಬಿಹಾರಕ್ಕೆ ಬಂದರು. ಅವರ ತಂದೆ ಆ ದೇಶದ ರಾಷ್ಟ್ರಾಧ್ಯಕ್ಷರಾಗಿದ್ದವರು. ಮೊದಲ ಮಹಾಯುದ್ಧದಲ್ಲಿ ಹಾಳಾದ ಫ್ರಾನ್ಸಿನ ಎಸ್ನ್ ಎಂಬ ಹಳ್ಳಿಯಲ್ಲಿ 1920ರಲ್ಲಿ ಯುದ್ಧದ ಎರಡೂ ಬದಿಯ ದೇಶಗಳ ಯುವಕರನ್ನು ಸೇರಿಸಿ ಮನೆ ಕಟ್ಟಿಸಲು ಪ್ರಯತ್ನಿಸಿದ್ದವರು ಇವರೇ. ಅದರಿಂದ ಹುಟ್ಟಿದ 'ಸರ್ವಿಸ್ ಸಿವಿಲ್ ಇಂಟರ್‌ನ್ಯಾಷನಲ್' ಸಂಸ್ಥೆ ಇಂದಿಗೂ ಇದೆ. ಬಿಹಾರದ ಮುಜಫರ್‌ಪುರ ಕಡೆ ಸೆರೆಸೊಲ್ ಮತ್ತು ಯುರೋಪಿನ ಕೆಲವು ಸಂಗಡಿಗರು ಹಳ್ಳಿಗರ ಜೊತೆ ಸೇರಿ ನೆರೆಗೆ ಸಿಗದ ಎತ್ತರದ ನೆಲದಲ್ಲಿ ಊರುಗಳನ್ನು ಪುನಃ ಕಟ್ಟಿದರು. ಬಿಳಿಯರು ಬಿಸಿಲಿನಲ್ಲಿ ಮಣ್ಣು ಹೊರುವುದು ಆ ಕಾಲದ ಬಿಹಾರಕ್ಕೆ ಹೊಸ ನೋಟ.

ನೀರು ಇಳಿದ ಮೇಲಿನ ಮನೆ

ಭೂಕಂಪದಲ್ಲಿ ಮನೆ ಬೀಳುತ್ತದೆ. ನೆರೆಯಲ್ಲಿ ಅನೇಕ ಬಾರಿ ಮನೆ ನಿಂತಿರುತ್ತದೆ, ಒಳಗೆ ಇರಲಾಗುವುದಿಲ್ಲ. ಇದನ್ನು ಮುಂಬಯಿಗರಿಗೆ ಹೇಳಿಕೊಡಬೇಕಾಗಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದಾಗ ಕುರ್ಲಾ, ಕಲೀನಾ, ಸಾಕಿನಾಕಾದಲ್ಲಿ ನೆಲಮಹಡಿಯ ಮನೆಗಳವರು ಕಂಡದ್ದೇ ಅದು. ನೀರು ಇಳಿದ ಮೇಲೂ ಮೀಟರ್ ರೂಮಿನ ಹತ್ತಿರ ಹೋಗಲು ಹೆದರಿಕೆ, ಸ್ವಿಚ್ ಮುಟ್ಟಲು ಹೆದರಿಕೆ. ಆ ವಾರ ಬಡಾವಣೆಯ ಎಲೆಕ್ಟ್ರಿಶಿಯನ್ ಡಾಕ್ಟರಿಗಿಂತ ದೊಡ್ಡ ಮನುಷ್ಯನಾಗಿದ್ದ.

2018ರ ಆಗಸ್ಟ್‌ನಲ್ಲಿ ಕೇರಳ ಮುಳುಗಿದಾಗ ಇದೇ ಸ್ಥಿತಿ ಇಡೀ ರಾಜ್ಯಕ್ಕೆ ಬಂತು. 480ಕ್ಕೂ ಹೆಚ್ಚು ಜನ ಸತ್ತರು, ಹತ್ತು ಲಕ್ಷಕ್ಕೂ ಮೀರಿ ಜನ ಶಿಬಿರಗಳಲ್ಲಿದ್ದರು. ಮೀನುಗಾರರು ದೋಣಿಗಳನ್ನು ಲಾರಿಯ ಮೇಲೇರಿಸಿ ತಂದು ಜನರನ್ನು ಉಳಿಸಿದ ಕಥೆ ಎಲ್ಲರಿಗೂ ಗೊತ್ತು. ಅದರ ಮುಂದಿನ ಅಧ್ಯಾಯ ಅಷ್ಟು ಪ್ರಚಾರ ಪಡೆಯಲಿಲ್ಲ.

ಶಿಬಿರದಿಂದ ಮನೆಗೆ ಮರಳಿದವರಿಗೆ ಕಂಡದ್ದು ಮೊಣಕಾಲುದ್ದದ ಕೆಸರು. ಅದನ್ನು ತೊಳೆಯಲು ನೀರು ಬೇಕು. ಕೇರಳದ ಹೆಚ್ಚಿನ ಮನೆಗಳಿಗೆ ನೀರು ಅಂಗಳದ ಬಾವಿಯಿಂದ, ಪಂಪಿನ ಮೂಲಕ. ಬಾವಿ ಕೆಸರಾಗಿದೆ, ಪಂಪಿನ ಮೋಟರು ನೀರು ಕುಡಿದಿದೆ, ಕರೆಂಟ್ ಇಲ್ಲ. ಕರೆಂಟ್ ಕೊಡಬೇಕೆಂದರೆ ಗೋಡೆಯೊಳಗಿನ ಪೈಪುಗಳಲ್ಲಿ ಇನ್ನೂ ನೀರು ನಿಂತಿದೆ. ಮೈನ್ ಸ್ವಿಚ್ ಹಾಕಿದವನ ಜೀವಕ್ಕೇ ಅಪಾಯ. ಹೀಗೆ ಒಂದಕ್ಕೊಂದು ಕೊಂಡಿ ಬಿದ್ದ ಸರಪಳಿಯನ್ನು ಬಿಡಿಸಲು ಹಣ ಇದ್ದರೂ ಸಾಲದು, ಕೆಲಸ ಬಲ್ಲವನೊಬ್ಬ ಮನೆಯೊಳಗೆ ಬರಬೇಕು. ಲಕ್ಷಾಂತರ ಮನೆಗಳು ಏಕಕಾಲಕ್ಕೆ ಕಾಯುತ್ತಿರುವಾಗ ಊರಿನ ನಾಲ್ಕು ಎಲೆಕ್ಟ್ರಿಶಿಯನ್‌ಗಳು ಎಲ್ಲಿಗೆಂದು ಹೋದಾರು? ಅವರ ಮನೆಯೂ ಮುಳುಗಿದೆಯಲ್ಲ.

ಕೇರಳ ವಿದ್ಯುತ್ ಮಂಡಳಿ 'ಮಿಷನ್ ರೀಕನೆಕ್ಟ್' ಎಂಬ ಹೆಸರಿನಲ್ಲಿ ಸುಮಾರು 25 ಲಕ್ಷ ಸಂಪರ್ಕಗಳನ್ನು ಮತ್ತೆ ಕೊಡುವ ಕೆಲಸಕ್ಕೆ ಇಳಿಯಿತು. ವೈರಿಂಗ್ ಹಾಳಾದ ಮನೆಗಳಿಗೆ ಸೋರುವ ವಿದ್ಯುತ್ತನ್ನು ಕಡಿಯುವ ಸಾಧನದೊಡನೆ ಒಂದು ದೀಪ, ಒಂದು ಪ್ಲಗ್ಗಿನ ತಾತ್ಕಾಲಿಕ ಸಂಪರ್ಕ ಕೊಡುವುದೆಂದು ನಿರ್ಧರಿಸಿತು. ಒಂದು ಪ್ಲಗ್ ಸಿಕ್ಕರೆ ಪಂಪು ನಡೆಯುತ್ತದೆ, ಪಂಪು ನಡೆದರೆ ಕೆಸರು ಹೋಗುತ್ತದೆ.

ಮನೆಯೊಳಗಿನ ಕೆಲಸಕ್ಕೆ ಬಂದವರು ಸ್ವಯಂಸೇವಕರು. ಐಟಿಐಗಳ ವಿದ್ಯಾರ್ಥಿಗಳು ತಮ್ಮ ಬೋಧಕರೊಂದಿಗೆ 'ನೈಪುಣ್ಯ ಕರ್ಮ ಸೇನೆ' ಎಂಬ ಹೆಸರಿನಲ್ಲಿ ಹೊರಟು ವೈರಿಂಗ್, ಪ್ಲಂಬಿಂಗ್, ಬಡಗಿ ಕೆಲಸ ಮಾಡಿಕೊಟ್ಟರು, ನೆನೆದ ಫ್ಯಾನು ಮಿಕ್ಸಿಗಳನ್ನು ಬಿಚ್ಚಿ ಒಣಗಿಸಿ ಸರಿಪಡಿಸಿದರು. ಹದಿನೆಂಟು ಇಪ್ಪತ್ತರ ಹುಡುಗರು. ಡಿಗ್ರಿ ಓದಲಾಗದವರು ಸೇರುವ ಜಾಗ ಎಂದು ಐಟಿಐ ಬಗ್ಗೆ ಮೂಗು ಮುರಿಯುವ ತಂದೆ-ತಾಯಂದಿರು ಕನ್ನಡಿಗರಲ್ಲಿಯೂ ಬೇಕಷ್ಟಿದ್ದಾರೆ. ಆ ಆಗಸ್ಟ್‌ನಲ್ಲಿ ಬಿ.ಕಾಂ. ಪದವಿ ಹಿಡಿದು ಕೆಸರಿನಲ್ಲಿ ನಿಂತಿದ್ದರೆ ಗುದ್ದಲಿ ಕೆಲಸ ಬಿಟ್ಟು ಬೇರೇನೂ ಆಗುತ್ತಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು.

ಸಮುದ್ರ ಮಟ್ಟಕ್ಕಿಂತ ಕೆಳಗಿರುವ ಕುಟ್ಟನಾಡಿನಲ್ಲಿ ನೀರು ತಡವಾಗಿ ಇಳಿಯಿತು. ಆಗಸ್ಟ್ 28ರಂದು ಅಲ್ಲಿ ಆರಂಭವಾದ ಸಾಮೂಹಿಕ ಸ್ವಚ್ಛತೆಗೆ 50 ಸಾವಿರಕ್ಕೂ ಹೆಚ್ಚು ಜನ ಬಂದರು. ಅದರಲ್ಲಿ ಎಲೆಕ್ಟ್ರಿಶಿಯನ್, ಪ್ಲಂಬರ್, ಬಡಗಿಗಳ ತಂಡಗಳೂ ಇದ್ದವು. ಬಡಗಿ ಯಾಕೆಂದು ಕೇಳಬಹುದು. ವಾರಗಟ್ಟಲೆ ನೀರಿನಲ್ಲಿ ನಿಂತ ಮರದ ಬಾಗಿಲು ಉಬ್ಬಿ ದಾರಂದದಲ್ಲಿ ಕೂರುವುದಿಲ್ಲ, ಚಿಲಕ ಬೀಳುವುದಿಲ್ಲ. ಹೆಣ್ಣುಮಕ್ಕಳಿರುವ ಮನೆ, ರಾತ್ರಿ ಬಾಗಿಲು ಮುಚ್ಚದಿದ್ದರೆ ಮಲಗುವುದು ಹೇಗೆ? ಅರ್ಧ ಗಂಟೆ ಉಜ್ಜುಕೊರಡು ಆಡಿಸಿ ಚಿಲಕ ಕೂರಿಸಿಕೊಟ್ಟ ಬಡಗಿ ಆ ಕುಟುಂಬವನ್ನು ಒಂದು ರಾತ್ರಿ ಮುಂಚೆ ಮನೆಗೆ ತಂದಂತೆ.

ತವರಿನ ನೆರೆ ಮತ್ತು ಸಂಘದ ರಿಜಿಸ್ಟರ್

ಕೇರಳ ಮುಳುಗಿದ ಅದೇ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದವು. ಅದಕ್ಕೂ ಮುಂಚೆ 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಆರಂಭದಲ್ಲಿ ಉತ್ತರ ಕರ್ನಾಟಕದಲ್ಲಿ ಬಿದ್ದ ಮಳೆಗೆ ರಾಯಚೂರು, ಬಿಜಾಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ಮಣ್ಣಿನ ಮಾಳಿಗೆಗಳು ನೆನೆದು ಭಾರಕ್ಕೆ ಕುಸಿದವು. ಕಿಲ್ಲಾರಿಯಲ್ಲಿ ನೆಲ ಅಲುಗಿ ಆದದ್ದು ಇಲ್ಲಿ ನೀರು ತುಂಬಿ ಆಯಿತು. ಕರ್ನಾಟಕ ಸರಕಾರ 'ಆಸರೆ' ಯೋಜನೆಯಲ್ಲಿ ದಾನಿಗಳ ನೆರವಿನಿಂದ ಹೊಸ ಬಡಾವಣೆಗಳನ್ನು ಕಟ್ಟಿಸಿತು. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮತ್ತೆ ಉಕ್ಕಿದವು.

ಪ್ರತಿ ಬಾರಿಯೂ ಹೊರನಾಡ ಕನ್ನಡಿಗರು ಮಿಡಿದಿದ್ದಾರೆ, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಮಿಡಿದ ರೀತಿ ಹೆಚ್ಚಾಗಿ ಚೆಕ್ಕು, ಅಕ್ಕಿ, ಕಂಬಳಿ. ಮುಂಬಯಿ, ಪುಣೆಗಳಲ್ಲಿ ಕನ್ನಡ ಮಾತಾಡುವ ಗಾರೆಯವರು, ಸರಳು ಕಟ್ಟುವವರು, ವೆಲ್ಡರ್‌ಗಳು, ಪೈಂಟರ್‌ಗಳು, ಕರಾವಳಿಯ ಬಡಗಿಗಳು ಎಷ್ಟಿದ್ದಾರೆ? ಬಹುತೇಕ ಸಂಘಗಳಲ್ಲಿ ಯಾರಿಗೂ ಲೆಕ್ಕವಿಲ್ಲ. ಉತ್ತರ ಕರ್ನಾಟಕದಿಂದ ಬಂದು ಕಟ್ಟಡಗಳ ಪಕ್ಕದ ಶೆಡ್ಡಿನಲ್ಲಿರುವ ಕೂಲಿಕಾರನು ಕನ್ನಡ ಸಂಘದ ಮೆಟ್ಟಿಲು ಹತ್ತಿದ್ದೂ ಕಡಿಮೆ, ಹತ್ತಿಸಿದ್ದೂ ಕಡಿಮೆ. ರಾಜ್ಯೋತ್ಸವದ ವೇದಿಕೆಯಲ್ಲಿ ಶಾಲು ಹೊದ್ದವರಲ್ಲಿ ಮೇಸ್ತ್ರಿಯೊಬ್ಬ ಇದ್ದದ್ದನ್ನು ನೆನಪಿಸಿಕೊಳ್ಳಲು ಹಳೆಯ ಸದಸ್ಯರು ಸ್ವಲ್ಪ ಹೊತ್ತು ಯೋಚಿಸಬೇಕಾದೀತು.

ಅವರನ್ನು ಕರೆಯುವುದಾದರೆ ಕೆಲವು ಮಾತುಗಳನ್ನು ಮೊದಲೇ ತೀರ್ಮಾನಿಸಿಕೊಳ್ಳುವುದು ಒಳ್ಳೆಯದು. ಸೇವೆ ಎಂದರೆ ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡು ದುಡಿಯುವುದಲ್ಲ. ಹೋಗಿ ಬರುವ ಖರ್ಚು, ಊಟ, ಮಲಗಲು ಜಾಗ ಸಂಘ ನೋಡಿಕೊಳ್ಳಬೇಕು, ಮನೆಯಲ್ಲಿ ಬಿಟ್ಟುಬಂದ ಸಂಸಾರಕ್ಕೆ ಕೂಲಿಯ ಒಂದು ಪಾಲಾದರೂ ಮುಟ್ಟಬೇಕು. ಹಳೆ ಬಟ್ಟೆಯ ಲಾರಿಗೆ ತೆರುವ ಬಾಡಿಗೆಯಲ್ಲಿ ನಾಲ್ಕು ಜನರ ಇಷ್ಟು ವ್ಯವಸ್ಥೆ ಆದೀತು. ಹೋಗುವುದು ಮೊದಲ ವಾರದಲ್ಲಲ್ಲ. ಆಗ ರಸ್ತೆಯೂ ಇರುವುದಿಲ್ಲ, ಹೋದವರು ಶಿಬಿರದ ಅನ್ನಕ್ಕೆ ಪಾಲುದಾರರಾಗುತ್ತಾರೆ. ನೀರು ಇಳಿದು, ಗೋಡೆ ಒಣಗತೊಡಗಿದ ಮೇಲೆ ಹೋಗಬೇಕು. ಉಪಕರಣ ತಮ್ಮದೇ ಇರಬೇಕು: ಕರಣೆ, ತೂಗುಗುಂಡು, ರಸಮಟ್ಟ, ಉಳಿ, ಟೆಸ್ಟರ್. ಇನ್ನೊಂದು, ಅಲ್ಲಿಯ ಗಾರೆಯವನ ಅನ್ನಕ್ಕೆ ಕಲ್ಲು ಹಾಕಬಾರದು. ಪುಕ್ಕಟೆ ಕೈಗಳು ಬಂದವೆಂದು ಊರಿನ ಮೇಸ್ತ್ರಿಗೆ ಕೆಲಸ ತಪ್ಪಿದರೆ ನೆರೆಯ ಮೇಲೆ ಇನ್ನೊಂದು ನೆರೆ ಬಂದಂತೆ. ಅವನ ಜೊತೆ ನಿಂತು ದುಡಿದರೆ ಅವನೂ ಗಳಿಸುತ್ತಾನೆ, ಕಲಿತದ್ದು ಊರಿನಲ್ಲೇ ಉಳಿಯುತ್ತದೆ.

ಸಂಘಗಳ ಸದಸ್ಯತ್ವದ ಅರ್ಜಿಯಲ್ಲಿ 'ಉದ್ಯೋಗ' ಎಂಬ ಕಲಂ ಇರುತ್ತದೆ. ಹೆಚ್ಚಿನವರು ಅಲ್ಲಿ 'ಸರ್ವಿಸ್' ಅಥವಾ 'ಬಿಸಿನೆಸ್' ಎಂದಷ್ಟೇ ಬರೆದು ಬಿಡುತ್ತಾರೆ, ಅದನ್ನು ಮತ್ತೆ ಯಾರೂ ತೆಗೆದು ನೋಡುವುದಿಲ್ಲ. ಯಾರಿಗೆ ವೈರಿಂಗ್ ಬರುತ್ತದೆ, ಯಾರ ಮನೆಯಲ್ಲಿ ಐಟಿಐ ಓದುವ ಮಗನಿದ್ದಾನೆ, ಯಾರ ಪರಿಚಯದಲ್ಲಿ ನಾಲ್ಕು ಮೇಸ್ತ್ರಿಗಳಿದ್ದಾರೆ ಎಂದು ಕೇಳಿ ಬರೆದುಕೊಳ್ಳಲು ಕಾರ್ಯಕಾರಿ ಸಮಿತಿಗೆ ಒಂದು ಭಾನುವಾರ ಸಾಕು. ಮಳೆಗಾಲಕ್ಕೆ ಮುಂಚಿನ ಭಾನುವಾರವಾದರೆ ಇನ್ನೂ ಒಳ್ಳೆಯದು.